ತ್ರಿಪ್ಪುಣಿತ್ತುರದಲ್ಲಿ ನಾನು ಮುದಲಾಳಿಯಾದದ್ದು

ಗೋಡೆ ಓರೆಯಾದರೆ ತೂಗುಗುಂಡು ಹಿಡಿದು ಸರಿಮಾಡಬಹುದು, ದಿನವೇ ಓರೆಯಾದರೆ ನಕ್ಕು ಸುಮ್ಮನಾಗಬೇಕು. ಮನೆ ಕಟ್ಟುವ ಕೆಲಸದಲ್ಲಿ ನನಗೆ ಸಿಕ್ಕಿದ್ದೆಲ್ಲ ಹೆಚ್ಚಾಗಿ ಎರಡನೇ ಜಾತಿಯದ್ದು.

ನಾನು ಪುತ್ತೂರು ಕಡೆಯವ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟೆ. ಕಾಲು ಒಂದು ಕಡೆ ನಿಲ್ಲುವುದಿಲ್ಲ. ಮಂಗಳೂರು, ಗೋವಾ, ತಿರುವನಂತಪುರ ಎಂದು ಸುತ್ತಿ, ಆಲುವದ ಒಬ್ಬ ಕಾಂಟ್ರಾಕ್ಟರರ ಕೈಕೆಳಗೆ ಗಾರೆ ಕೆಲಸಕ್ಕೆ ಸೇರಿದೆ. ಅಲ್ಲಿ ಯಜಮಾನನಿಗೆ ಮುದಲಾಳಿ ಎನ್ನುತ್ತಾರೆ. ಒಂದು ದಿನ ಮಾತಿಗೆ ಮಾತು ಬೆಳೆದು, "ಇನ್ನು ನಾನೇ ಮುದಲಾಳಿ" ಎಂದು ಹೊರಟುಬಂದೆ. ಅವರು ಬೈಯಲಿಲ್ಲ. "ಹೋಗಿ ಬಾ ಮೋನೆ, ನಿನ್ನ ಬಾಂಡ್ಲಿ ಇಲ್ಲೇ ಇರ್ತದೆ" ಎಂದರು, ಮಗನನ್ನು ಕರೆಯುವ ಹಾಗೆ. ಬೈದಿದ್ದರೇ ವಾಸಿ ಇತ್ತು. ಮೊದಲ ಮನೆ ಕೈತಪ್ಪಿದರೆ ಅದೇ ಬಾಂಡ್ಲಿ ಹೊರಲು ತಲೆ ತಗ್ಗಿಸಿ ಹೋಗಬೇಕಲ್ಲ ಮಾರಾಯ್ರೆ!

ಬಿಳಿ ಮುಂಡು

ತ್ರಿಪ್ಪುಣಿತ್ತುರದಲ್ಲಿ ಒಬ್ಬ ಅಮ್ಮ ಮಗನಿಗೆಂದು ತಮ್ಮ ಹಳೇ ಮನೆಯ ಮುಂದೆ ಹೊಸ ಮನೆ ಕಟ್ಟಿಸುತ್ತಾರೆಂದು ತಿಳಿಯಿತು. ಮಗ ದುಬೈಯಲ್ಲಿ. ಮುದಲಾಳಿ ಎಂದ ಮೇಲೆ ಮುದಲಾಳಿಯ ಹಾಗೆ ಕಾಣಬೇಡವೇ? ಪಂಚೆಯ ಹಾಗೆ ಉಟ್ಟ ಬಿಳಿ ಮುಂಡು, ಇಸ್ತ್ರಿ ಹಾಕಿದ ಬಿಳಿ ಅಂಗಿ, ಕಂಕುಳಲ್ಲಿ ಒಂದು ಬ್ಯಾಗು. ಗೇಟು ತೆರೆದದ್ದೇ ತಡ, ಅಮ್ಮ ಒಳಗಿನಿಂದಲೇ ಕೂಗಿದರು: "ಚಂದಾ ಇಲ್ಲ! ನಿಮ್ಮ ಪಾರ್ಟಿಗೆ ಮೊನ್ನೆಯೇ ಕೊಟ್ಟಾಯ್ತು!"

"ಅಮ್ಮಾ, ನಾನು ಪಾರ್ಟಿಯವನಲ್ಲ."

"ದೇವಸ್ಥಾನಕ್ಕೂ ಕೊಟ್ಟಾಯ್ತು!" ಬಾಗಿಲು ಧಡ್ ಎಂದಿತು.

ಮರುದಿನ ಸಿಮೆಂಟು ಮೆತ್ತಿದ ಲುಂಗಿಯಲ್ಲೇ ಹೋದೆ. ಕೂರಿಸಿ ಚಾಯ ಕೊಟ್ಟರು. "ಗೋಡೆ ನೀನು ಕಟ್ಟು. ತಾರಸಿ ಯಾರು ಹಾಕಬೇಕು ಅಂತ ಮಗ ನಿನ್ನ ಕೆಲಸ ನೋಡಿ ಹೇಳ್ತಾನೆ" ಎಂದರು. ಆಮೇಲೆ ದನಿ ತಗ್ಗಿಸಿ, "ಹುಷಾರಾಗಿರು ಮೋನೆ. ನಿನ್ನೆ ಒಬ್ಬ ಬಂದಿದ್ದ, ಥೇಟ್ ನಿನ್ನದೇ ಮುಖ. ಶುದ್ಧ ಕಳ್ಳ" ಎಂದರು.

ಹತ್ತು ಗಂಟೆಯ ಚಾಯ

ಜೊತೆಗೆ ಒಬ್ಬ ಬಂಗಾಳಿ ಗಾರೆಯವನನ್ನು ಕರಕೊಂಡೆ. ನನಗಿಂತ ಹಿರಿಯ, ಎಲ್ಲರಿಗೂ ಭಾಯಿ. ಅಲ್ಲಿನ ಪದ್ಧತಿಯಂತೆ ಹತ್ತು ಗಂಟೆಗೆ ಅಮ್ಮ ಕೆಲಸದವರಿಗೆ ಚಾಯ, ಪಳಂಪೊರಿ ತಂದರು. ನೇಂದ್ರ ಬಾಳೆಹಣ್ಣಿನ ಬಿಸಿ ಬಿಸಿ ಪೋಡಿ, ಅಂದರೆ ಬಜ್ಜಿ, ಪರಿಮಳಕ್ಕೇ ಹೊಟ್ಟೆ ಕೂಗುತ್ತಿತ್ತು. ನಾನು ಕೈ ಚಾಚಿದೆ. ಅಮ್ಮ ತಟ್ಟೆಯನ್ನು ಆಚೆ ಸರಿಸಿದರು.

"ಇದು ಕೆಲಸಕ್ಕೆ ಬಂದವರಿಗೆ. ನೀನು ಮುದಲಾಳಿ ಅಲ್ವೋ? ಮನೆಯಲ್ಲಿ ಕುಡಿದು ಬಾ."

ಕಲೂರಿನ ಬಾಡಿಗೆ ಕೋಣೆಯಲ್ಲಿ ನನಗೆ ಪಳಂಪೊರಿ ಕರಿದುಕೊಡುವವರು ಯಾರು? ಮರುದಿನದಿಂದ ಹತ್ತಾಗುವ ಹೊತ್ತಿಗೆ ಸರಿಯಾಗಿ ತಲೆಯ ಮೇಲೆ ಮರಳು ಹೊತ್ತು ಅಡುಗೆಮನೆ ಬಾಗಿಲ ಮುಂದೆಯೇ ಹಾದುಹೋಗತೊಡಗಿದೆ. ಅಮ್ಮನ ಮನಸ್ಸು ಕರಗಿತು, ನನಗೂ ಎರಡು ಬಿತ್ತು. ಭಾಯಿ ತಿನ್ನುತ್ತಾ ಹೇಳಿದ: "ಮುದಲಾಳಿ, ಮರಳು ಬೇಕಾದದ್ದು ಆ ಕಡೆ. ನೀವು ದಿನಾ ಹೊತ್ತು ತರುವುದು ಈ ಕಡೆ."

ಕ್ಯಾಮೆರಾ ಮೆಚ್ಚಿದವ

ಗೋಡೆ ಎದ್ದಿತು. ದಾರಿಹೋಕರು ನಿಂತು ನೋಡತೊಡಗಿದರು. ದೃಷ್ಟಿಯಾಗಬಾರದೆಂದು ಅಮ್ಮ ಒಂದು ಬೆರ್ಚಪ್ಪನನ್ನು ಮಾಡಿಸಿದರು. ಪ್ಯಾಂಟಿನೊಳಗೆ ಬೈಹುಲ್ಲು, ಮೇಲೊಂದು ನೀಲಿ ಅಂಗಿ, ತಲೆಗೆ ತೊಪ್ಪಿ, ಎರಡೂ ಕೈ ಅಗಲಕ್ಕೆ ಚಾಚಿದ್ದು. ಹೊಸ ಗೋಡೆಯ ಪಕ್ಕ ಅಂಗಳದಲ್ಲಿ ರಸ್ತೆಗೆ ಮುಖ ಮಾಡಿಸಿ ನಿಲ್ಲಿಸಿದೆವು.

ಹಿಂದಿನ ಹಳೇ ಮನೆಯ ಗೋಡೆಯಲ್ಲಿ ಮಗ ಕ್ಯಾಮೆರಾ ಹಾಕಿಸಿದ್ದ. ದುಬೈಯಲ್ಲಿ ಕುಳಿತು ಮೊಬೈಲಿನಲ್ಲಿ ನೋಡುತ್ತಿದ್ದ. ನಾವಿಬ್ಬರು ಹೊಸ ಗೋಡೆಯ ಆಚೆ, ರಸ್ತೆಯ ಬದಿಯಲ್ಲಿ ಗಾರೆ ಬಳಿಯುವವರು, ಅವನಿಗೆ ಕಾಣುತ್ತಿರಲಿಲ್ಲ.

ತಾರಸಿಯ ತೀರ್ಮಾನ ಹೇಳಲು ಅವನು ಫೋನ್ ಮಾಡಿದ ದಿನ ನಾನು ಗಾರೆಯ ಕೈ ಒರೆಸಿಕೊಂಡು ಅಮ್ಮನ ಹತ್ತಿರ ಬಂದು ನಿಂತೆ. ಆಲುವದ ಬಾಂಡ್ಲಿ ಕಣ್ಣ ಮುಂದೆ ಬಂತು. ಅಮ್ಮ ಸ್ಪೀಕರ್ ಹಾಕಿದರು.

"ಅಮ್ಮೇ, ಆ ಲುಂಗಿಯವನು ನನಗೆ ಹಿಡಿಸಲಿಲ್ಲ. ಕ್ಯಾಮೆರಾದ ಎದುರು ಬಂದರೆ ಬೀಡಿ ಸೇದಲಿಕ್ಕೆ ಮಾತ್ರ."

ಭಾಯಿ ನನ್ನನ್ನು ನೋಡಿದ. ನಾನು ಆಕಾಶ ನೋಡಿದೆ.

"ಆದ್ರೆ ಅವರ ಮೇಸ್ತ್ರಿ ಇದ್ದಾನಲ್ಲ, ನೀಲಿ ಅಂಗಿ, ತೊಪ್ಪಿ... ಅವನು ಜನ! ಬೆಳಿಗ್ಗೆಯಿಂದ ಸಂಜೆವರೆಗೆ ಕೈ ಚಾಚಿ ಕೆಲಸ ಹೇಳ್ತಾ ನಿಂತೇ ಇರ್ತಾನೆ. ಊಟಕ್ಕೂ ಹೋಗೋದಿಲ್ಲ. ನಿನ್ನೆ ಅಷ್ಟು ಮಳೆ ಬಂತಲ್ಲ, ಒಂದು ಕೊಡೆಯಾದರೂ ಹಿಡಿದನೋ? ಅಂಥ ಒಬ್ಬ ಇರುವಾಗ ಬೇರೆಯವರು ಯಾಕೆ? ತಾರಸಿಯೂ ಇವರಿಗೇ ಕೊಡಿ."

ಅಮ್ಮ ಬೆರ್ಚಪ್ಪನನ್ನು ನೋಡಿದರು, ನನ್ನನ್ನು ನೋಡಿದರು. ಸೆರಗಿನಿಂದ ಬಾಯಿ ಒತ್ತಿಕೊಂಡು, "ಶರಿ ಮೋನೆ, ಪಾಪ, ಒಂದು ಲೋಟ ಚಾಯವನ್ನೂ ಕೇಳಿದವನಲ್ಲ" ಎಂದರು.

"ಹಾಗಾದ್ರೆ ಫೋನ್ ಅವನ ಕೈಗೇ ಕೊಡಿ ಅಮ್ಮೇ, ಎರಡು ಒಳ್ಳೆ ಮಾತು ಹೇಳ್ತೇನೆ."

ಅಮ್ಮ ಫೋನನ್ನು ನನ್ನ ಕೈಗೆ ತುರುಕಿದರು. ನಾನು ಓಡಿಹೋಗಿ, ಕ್ಯಾಮೆರಾಕ್ಕೆ ಕಾಣದ ಹಾಗೆ ಬೆರ್ಚಪ್ಪನ ಎದುರು ಕುಕ್ಕರುಗಾಲಲ್ಲಿ ಕುಳಿತು, ಗಂಟಲು ದಪ್ಪ ಮಾಡಿ, "ಹೇಳಿ ಸಾರ್" ಎಂದೆ.

"ಮೇಸ್ತ್ರಿ, ನೀವೊಬ್ಬರು ಇದ್ದದ್ದಕ್ಕೆ ಕೆಲಸ ನಡೀತಾ ಉಂಟು. ಒಂದೇ ಮಾತು, ಆ ಬೀಡಿಯವನನ್ನು ಮಾತ್ರ ನಾಳೆಯೇ ಓಡಿಸಿಬಿಡಿ."