ಮೂಟೆಯ ಮೇಲಿನ ವರದಿಗಾರ

ವರದಿಗಾರನಾಗಿ ನನಗಿದ್ದ ಅತಿ ದೊಡ್ಡ ಸೌಕರ್ಯವೆಂದರೆ, ನಾನು ಬರೆದ ವರದಿಯೊಳಗೆ ನಾನು ಇರುತ್ತಿರಲಿಲ್ಲ. ಗೋದಾಮಿಗೆ ಬೆಂಕಿ ಬಿದ್ದ ಸುದ್ದಿಯನ್ನು ಎದುರಿನ ಹೋಟೆಲಿನಲ್ಲಿ ಕೂತು, ಎರಡನೇ ಕಾಫಿ ತರಿಸಿಕೊಂಡು ಬರೆದಿದ್ದೇನೆ. ಬಡಾವಣೆಯಲ್ಲಿ ಮೊಣಕಾಲುದ್ದ ನೀರು ನಿಂತಿತ್ತೆಂದು ಮೂರನೇ ಮಹಡಿಯ ಬಾಲ್ಕನಿಯಿಂದ ಅಂದಾಜು ಮಾಡಿ ಬರೆದಿದ್ದೇನೆ. ಯಾರ ಮೊಣಕಾಲು ಎಂದು ಒಬ್ಬ ಓದುಗನೂ ಕೇಳಿದವನಲ್ಲ. ಹೀಗೆ ಮೂವತ್ತು ವರ್ಷ ಕಾಲು ಒದ್ದೆ ಮಾಡಿಕೊಳ್ಳದೆ ವೃತ್ತಿ ಮಾಡಿದವನನ್ನು ನಿಂಬೆಹಣ್ಣಿನ ಗಾತ್ರದ ಒಂದು ಕ್ಯಾಮೆರಾ ಹಿಡಿದುಹಾಕಿತು.

ನಮ್ಮದು ವಿಜಯನಗರ ಸುತ್ತಮುತ್ತಲಿನ ಸುದ್ದಿಗೇ ಮೀಸಲಾದ ಪುಟ್ಟ ವಾರಪತ್ರಿಕೆ. ಅತ್ತಿಗುಪ್ಪೆಯಲ್ಲಿ ಬೇಕರಿಯೊಂದರ ಮೇಲೆ ಕಚೇರಿ. ಮಧ್ಯಾಹ್ನ ಮೂರಕ್ಕೆ ಕೆಳಗಿನಿಂದ ಪಫ್ಸ್ ವಾಸನೆ ಬಂತೆಂದರೆ ಎಂಥ ಹಗರಣವಾದರೂ ಹತ್ತು ನಿಮಿಷ ಕಾಯಬೇಕು. ಈಗ ಸಂಪಾದಕಿಯಾಗಿರುವ ಶ್ರುತಿಗೆ ನನ್ನ ಮಗಳ ವಯಸ್ಸು. ಆಕೆ ಒಂದು ದಿನ ಸುತ್ತ ನಾಲ್ಕೂ ದಿಕ್ಕನ್ನು ಒಟ್ಟಿಗೆ ಚಿತ್ರೀಕರಿಸುವ ಕ್ಯಾಮೆರಾವನ್ನೂ, ಅದನ್ನು ನೋಡಲು ಕಣ್ಣಿಗೆ ಕಟ್ಟಿಕೊಳ್ಳುವ ವಿ.ಆರ್. ಹೆಡ್‌ಸೆಟ್ಟನ್ನೂ ತಂದಳು. ಇನ್ನು ಮುಂದೆ ಜನ ಸುದ್ದಿಯನ್ನು ಓದುವುದಿಲ್ಲ, ಸುದ್ದಿಯೊಳಗೆ ಹೋಗಿ ನಿಲ್ಲುತ್ತಾರೆ ಎಂದು ವಿವರಿಸಿದಳು. ಮಾದರಿಗೆಂದು ನನಗೆ ಕಡಲತೀರ ತೋರಿಸಿದಳು. ಅಲೆ ನೋಡುತ್ತ ಮೈಮರೆತು ಎರಡು ಹೆಜ್ಜೆ ಮುಂದಿಟ್ಟವನು ಹಳೆಯ ಸಂಚಿಕೆಗಳ ಬೀರುವಿಗೆ ಹಣೆ ಬಡಿದುಕೊಂಡೆ. ಮುದ್ರಣ ಮಾಧ್ಯಮ ನನಗೆ ಕೊಟ್ಟ ಕೊನೆಯ ಎಚ್ಚರಿಕೆ ಅದೇ ಇರಬೇಕು, ನಾನು ಗಮನಿಸಲಿಲ್ಲ.

ಮೊದಲ ವರದಿಗೆ ನಾನೇ ಮೂಡಲಪಾಳ್ಯದ ಚಂದ್ರಮ್ಮನವರ ಹಿಟ್ಟಿನ ಮಿಲ್ಲನ್ನು ಸೂಚಿಸಿದೆ. ಅವರ ಮಾವನ ಕಾಲದಲ್ಲಿ ಆ ಮಿಲ್ಲಿಗೆ ರಸ್ತೆಯಿಂದ ಒಂದು ಮೆಟ್ಟಿಲು ಹತ್ತಿ ಹೋಗಬೇಕಿತ್ತಂತೆ. ರಸ್ತೆಗೆ ಸಲ ಸಲವೂ ಹಳೆಯ ಡಾಂಬರಿನ ಮೇಲೇ ಹೊಸ ಡಾಂಬರು ಬಿದ್ದು ಬಿದ್ದು, ಈಗ ಎರಡು ಮೆಟ್ಟಿಲು ಇಳಿಯಬೇಕು. ಮಳೆ ಬಂದರೆ ಬೀದಿಯ ನೀರೆಲ್ಲ ರಾಗಿ ಬೀಸಿಸಿಕೊಳ್ಳಲು ಬಂದಂತೆ ನೇರವಾಗಿ ಒಳಗೆ ಬರುತ್ತದೆ. ಮೋಟಾರು ಆಗಲೇ ಎರಡು ಸಲ ಸುಟ್ಟಿತ್ತು. ಇನ್ನೊಂದು ಸಲ ಸುಟ್ಟರೆ ಮಿಲ್ಲಿನ ಬಾಗಿಲು ಹಾಕುವುದೇ ಎಂದು ಅವರು ತೀರ್ಮಾನಿಸಿದ್ದರು. ಈ ಬಗ್ಗೆ ನಾನು ಮೂರು ಸಲ ಬರೆದಿದ್ದೆ. ವಾರ್ಡಿನ ಎಂಜಿನಿಯರ್ ಮೂರು ಸಲವೂ, ಪೇಪರಿನವರು ಸ್ವಲ್ಪ ಜಾಸ್ತಿ ಬರೀತಾರೆ ಎಂದು ನಕ್ಕು ಸುಮ್ಮನಾಗಿದ್ದರು. ನನ್ನ ಹಳೆಯ ಮೊಣಕಾಲುಗಳ ಲೆಕ್ಕ ಅವರಿಗೂ ಗೊತ್ತಿದ್ದಿರಬಹುದು.

ಒಂದು ಸಂಜೆ ಮೋಡ ಕವಿದೊಡನೆ ಕ್ಯಾಮೆರಾ ಹಿಡಿದು ಹೋದೆ. ಚಂದ್ರಮ್ಮ ಮೊದಲು ಟೀ ಕೊಟ್ಟರು. ಮಳೆ ಸುರಿಯಿತು, ನೀರು ನುಗ್ಗಿತು. ಕ್ಯಾಮೆರಾವನ್ನು ಕೋಲಿಗೆ ಸಿಕ್ಕಿಸಿ ಮಿಲ್ಲಿನ ನಡುವೆ ನಿಲ್ಲಿಸಿದೆ. ಅದು ಎಲ್ಲ ಕಡೆಗೂ ನೋಡುವುದರಿಂದ, ಚಾಲೂ ಮಾಡಿದ ಮೇಲೆ ನೀವು ಎಲ್ಲಾದರೂ ಅಡಗಿಕೊಳ್ಳಬೇಕು ಎಂದು ಶ್ರುತಿ ಹೇಳಿ ಕಳಿಸಿದ್ದಳು. ಆ ಒಂದೇ ಕೋಣೆಯ ಮಿಲ್ಲಿನಲ್ಲಿ ಎಲ್ಲಿ ಅಡಗುವುದು? ಹಿಂದಿನ ಗೋಡೆಗೆ ಒಟ್ಟಿದ್ದ ರಾಗಿ ಮೂಟೆಗಳ ಮೇಲೆ ಹತ್ತಿ, ಒಂದು ಗೋಣಿಚೀಲ ಹೊದ್ದು, ಟೀ ಲೋಟದ ಸಮೇತ ಕೂತೆ. ಕೆಳಗೆ ಚಂದ್ರಮ್ಮ ಸೀರೆ ಎತ್ತಿ ಕಟ್ಟಿ, ಬಕೆಟ್ಟಿನಲ್ಲಿ ನೀರೆತ್ತಿ ರಸ್ತೆಗೆ ಎರಚುತ್ತಿದ್ದರು. ಎರಚಿದ್ದರಲ್ಲಿ ಅರ್ಧ ವಾಪಸು ಬರುತ್ತಿತ್ತು. ನಡುವೆ ಒಮ್ಮೆ ಅವರ ಮೊರ ತೇಲುತ್ತ ನನ್ನ ಕಾಲ ಬಳಿಗೇ ಬಂತು.

"ಸಾರ್, ಆ ಮೊರ ಸ್ವಲ್ಪ ಹಿಡ್ಕೊಳ್ಳಿ" ಎಂದರು.

ನಾನು ತುಟಿಯ ಮೇಲೆ ಬೆರಳಿಟ್ಟು ಕ್ಯಾಮೆರಾ ತೋರಿಸಿದೆ. ಅವರು ನನ್ನನ್ನು ಒಂದು ಕ್ಷಣ ನೋಡಿದರು. ಆಮೇಲೆ ಬಕೆಟ್ಟು ಕೆಳಗಿಟ್ಟು, ನೀರಿನಲ್ಲಿ ತಾವೇ ನಡೆದು ಬಂದು ಮೊರ ಎತ್ತಿಕೊಂಡು ಹೋದರು.

ಕಚೇರಿಯಲ್ಲಿ ಶ್ರುತಿಯೂ ನಾನೂ ವೀಡಿಯೊ ನೋಡಿದೆವು. ನೀರು ಕಣ್ಣ ಮುಂದೆಯೇ ಏರುತ್ತಿತ್ತು, ಚಂದ್ರಮ್ಮನವರ ಏದುಸಿರು ಕಿವಿಯ ಪಕ್ಕದಲ್ಲೇ ಕೇಳುತ್ತಿತ್ತು. ಅದ್ಭುತ ಎಂದುಕೊಂಡೆವು. ಇಬ್ಬರೂ ಮುಂದಕ್ಕಷ್ಟೇ ನೋಡಿದ್ದೆವು. ಹಿಂದೆ ತಿರುಗಿ ನೋಡುವ ಅಭ್ಯಾಸ ಪತ್ರಕರ್ತರಿಗೆ ಮೊದಲಿನಿಂದಲೂ ಕಡಿಮೆ.

ಮರುದಿನ ಚಂದ್ರಮ್ಮನವರನ್ನೂ ಕರೆದುಕೊಂಡು ಎಂಜಿನಿಯರ್ ಕಚೇರಿಗೆ ಹೋದೆವು. ಎಂಜಿನಿಯರ್ ಅದನ್ನು ಯಾವುದೋ ಆಟದ ಸಾಮಾನೆಂದುಕೊಂಡು ನಗುತ್ತಲೇ ಹೆಡ್‌ಸೆಟ್ ಕಟ್ಟಿಕೊಂಡರು. ಒಂದು ನಿಮಿಷದಲ್ಲಿ ನಗು ನಿಂತಿತು. ಕೈ ತಾನಾಗಿಯೇ ಹೋಗಿ ಪ್ಯಾಂಟನ್ನು ಮೇಲಕ್ಕೆಳೆಯಿತು. ಒಣ ನೆಲದ ಮೇಲಿದ್ದ ಎರಡೂ ಕಾಲು ಕುರ್ಚಿಯ ಅಡ್ಡಪಟ್ಟಿಗೆ ಏರಿದವು. ಮೂವತ್ತು ವರ್ಷದಲ್ಲಿ ನನ್ನ ಯಾವ ವಾಕ್ಯವೂ ಒಬ್ಬ ಅಧಿಕಾರಿಯ ಕಾಲನ್ನು ನೆಲದಿಂದ ಎತ್ತಿಸಿರಲಿಲ್ಲ. ನಾನು ಹೆಮ್ಮೆಯಿಂದ ಶ್ರುತಿಯ ಕಡೆ ನೋಡುವಷ್ಟರಲ್ಲಿ ಅವರು ಕುರ್ಚಿಯಲ್ಲೇ ನಿಧಾನವಾಗಿ ಹಿಂದಕ್ಕೆ ತಿರುಗಿದರು.

"ಆಯಮ್ಮ ಒಬ್ರೇ ನೀರು ಎತ್ತಿ ಹಾಕ್ತಾ ಇದ್ರೆ, ಮೂಟೆ ಮೇಲೆ ಟೀ ಕುಡೀತಾ ಕೂತಿರೋರು ಯಾರ್ರೀ ಅದು?"

ಅವರು ಹೆಡ್‌ಸೆಟ್ ಬಿಚ್ಚಿ ನನ್ನನ್ನು ನೋಡಿದರು, ಮುಖದಲ್ಲಿ ಹೋದ ನಗು ವಾಪಸು ಬರುತ್ತಿತ್ತು. ಎಲ್ಲ ಕೆಟ್ಟಿತು, ಇನ್ನು ಮಾತು ಮಿಲ್ಲಿನಿಂದ ನನ್ನ ಮೇಲೆ ತಿರುಗುತ್ತದೆ ಎಂದುಕೊಂಡೆ. ಆಗ ಚಂದ್ರಮ್ಮ ಬಾಯಿಬಿಟ್ಟರು.

"ಅವ್ರೂ ನಿಮ್ಮ ಥರಾನೇ ಸಾರ್. ನೋಡ್ಕೊಂಡು ಹೋಗಕ್ಕೆ ಬಂದಿದ್ರು."

ಎಂಜಿನಿಯರ್ ಮತ್ತೆ ನಗಲಿಲ್ಲ. ನಾನಂತೂ ಮೇಜಿನ ಮೇಲೆ ಕಾಗದ ಹಾರದಂತೆ ಇಟ್ಟಿದ್ದ ಗಾಜಿನ ಗುಂಡನ್ನು ಬಹಳ ಆಸಕ್ತಿಯಿಂದ ಪರೀಕ್ಷಿಸುತ್ತಿದ್ದೆ. ಮೂರನೇ ದಿನಕ್ಕೆ ಅವರು ಆಳುಗಳೊಂದಿಗೆ ಮಿಲ್ಲಿನ ಮುಂದೆ ನಿಂತಿದ್ದರು. ಅಡ್ಡಲಾಗಿ ಚರಂಡಿ ಅಗೆಸಿ, ಮೇಲೆ ಕಬ್ಬಿಣದ ಜಾಲರಿ ಹಾಕಿಸಿದರು. ಆಮೇಲೆ ಬಿದ್ದ ಜೋರು ಮಳೆಗೆ ಒಳಗೆ ಬಂದದ್ದು ಎರಡು ಬಟ್ಟಲು ನೀರು. ಮೋಟಾರು ಉಳಿಯಿತು, ಮಿಲ್ಲು ಉಳಿಯಿತು.

ಉಳಿಯದೆ ಹೋದದ್ದು ನನ್ನ ಮರ್ಯಾದೆ ಮಾತ್ರ. ವೀಡಿಯೊವನ್ನು ವೆಬ್‌ಸೈಟಿಗೆ ಹಾಕುವ ಮೊದಲು, ಆ ಮೂಲೆಯನ್ನು ಸ್ವಲ್ಪ ಮಸುಕು ಮಾಡಲಾದೀತೇ ಎಂದು ಶ್ರುತಿಯನ್ನು ಮೆಲ್ಲಗೆ ಕೇಳಿದೆ. ಆಕೆ ಗದರಲಿಲ್ಲ. "ನಿಮ್ಮನ್ನ ಅಳಿಸಿದ್ರೆ, ವೀಡಿಯೊಗೆ ನೀರನ್ನೂ ನಾವೇ ಸೇರಿಸಿದ್ದು ಅಂತಾರೆ ಸಾರ್" ಎಂದಳಷ್ಟೆ. ಇದ್ದದ್ದು ಇದ್ದ ಹಾಗೇ ಪ್ರಕಟವಾಯಿತು, ಮತ್ತು ನಮ್ಮ ಪತ್ರಿಕೆಯ ಓದುಗರು ನಮ್ಮಿಬ್ಬರಿಗಿಂತ ಕುತೂಹಲಿಗಳೆಂದು ಸಾಬೀತಾಯಿತು: ನೋಡಿದವರೆಲ್ಲ ಹಿಂದೆ ತಿರುಗಿದ್ದರು.

ಮೊನ್ನೆ ಅತ್ತಿಗುಪ್ಪೆ ಮೆಟ್ರೊ ನಿಲ್ದಾಣದ ಮೆಟ್ಟಿಲಿಳಿಯುವಾಗ, ತರಕಾರಿ ಚೀಲ ಹಿಡಿದ ಮಧ್ಯವಯಸ್ಸಿನ ಒಬ್ಬ ಹೆಂಗಸು ನನ್ನನ್ನು ದಿಟ್ಟಿಸಿ ನಿಂತರು. ಮೂವತ್ತು ವರ್ಷ ಹೆಸರು ಹಾಕಿ ಬರೆದರೂ ಬೀದಿಯಲ್ಲಿ ನನ್ನನ್ನು ಗುರುತಿಸಿದವರಿಲ್ಲ. ಕತ್ತು ತಾನಾಗಿಯೇ ನೆಟ್ಟಗಾಯಿತು. ಆ ಮಿಲ್ಲಲ್ಲಿ ಮೂಟೆ ಮೇಲೆ ಕೂತಿದ್ದೋರು ನೀವೇ ಅಲ್ವಾ ಎಂದು ಅವರು ಕೇಳಿದರು.

ಅದು ನನ್ನ ತಮ್ಮ ಎಂದೆ. ನನಗೆ ತಮ್ಮಂದಿರಿಲ್ಲ.

"ಹೌದಾ? ಹಾಗಾದ್ರೆ ಅವ್ರಿಗೆ ಸ್ವಲ್ಪ ಬುದ್ಧಿ ಹೇಳಿ ಸಾರ್" ಎಂದರು.

ಖಂಡಿತ ಹೇಳ್ತೀನಿ ಎಂದು ಮಾತು ಕೊಟ್ಟು, ಬೇಗ ಬೇಗ ಮೆಟ್ಟಿಲಿಳಿದೆ.