ಬೂದಿ ಬೆರಳಿನ ಭಾವ

ನಮ್ಮ ಭಾವ ಬೂದಿ ಮುಟ್ಟದೆ ಕಂಪ್ಯೂಟರ್ ಮುಟ್ಟುವುದಿಲ್ಲ. ಮಹಾ ಶಿವಭಕ್ತರಿರಬೇಕು ಎಂದುಕೊಂಡಿರಾ? ಅವರ ಆಫೀಸಿನವರೂ ಹಾಗೇ ಅಂದುಕೊಂಡಿದ್ದರು. ಜೇಬಿನಲ್ಲಿ ಸದಾ ಬೂದಿ ತುಂಬಿದ ಒಂದು ನಶ್ಯದ ಡಬ್ಬಿ. ಕೀಲಿಮಣೆಗೆ ಕೈಹಾಕುವ ಮುನ್ನ ಹೆಬ್ಬೆರಳು, ತೋರುಬೆರಳಿಗೆ ಒಂದು ಚಿಟಿಕೆ. ಬಡ್ತಿಯ ಸಂದರ್ಶನಕ್ಕೆ ಹೊರಟ ಸಹೋದ್ಯೋಗಿಯೊಬ್ಬ ಭಕ್ತಿಯಿಂದ ಬೇಡಿ ಹಣೆಗೂ ಹಚ್ಚಿಕೊಂಡನಂತೆ. ಬಡ್ತಿಯೂ ಸಿಕ್ಕಿತು! ಅದು ನಮ್ಮಕ್ಕನ ಬಚ್ಚಲೊಲೆಯ ಬೂದಿ ಎಂದು ಇವತ್ತಿಗೂ ಯಾರೂ ಅವನಿಗೆ ಹೇಳಿಲ್ಲ.

ಭಾವ ದೊಡ್ಡಬಳ್ಳಾಪುರದ ನೇಕಾರರ ಮನೆಯವರು. ವಿಮಾನ ನಿಲ್ದಾಣ ಬಂದ ಮೇಲೆ ನಮ್ಮ ನೆಂಟರಲ್ಲಿ ಅರ್ಧ ಜನ ದೇವನಹಳ್ಳಿ ಕಡೆ ಟ್ಯಾಕ್ಸಿ ಓಡಿಸಿದರು, ಇನ್ನರ್ಧ ಸೈಟು ತೋರಿಸಿದರು. ಇವರೊಬ್ಬರು ಮಾತ್ರ ಅಲ್ಲೊಂದು ಕಂಪ್ಯೂಟರ್ ಕೇಂದ್ರದಲ್ಲಿ ಹವಾಮಾನದ ಲೆಕ್ಕಕ್ಕೆ ಬೇಕಾದ ಮೋಡದ ಚಿತ್ರಗಳ ಉಗ್ರಾಣ ಕಾಯಲು ಸೇರಿದರು. ಒಂದು ಚಿತ್ರವನ್ನು ಚೂರು ಮಾಡಿ ಹತ್ತಾರು ಡಿಸ್ಕುಗಳಿಗೆ ಹಂಚಿಡುವುದು, ಬೇಕಾದಾಗ ಎಲ್ಲದರಿಂದಲೂ ಒಟ್ಟಿಗೆ ಎಳೆಯುವುದು. ಇದರ ಹೆಸರು ಪ್ಯಾರಲಲ್ ಫೈಲ್ ಸಿಸ್ಟಮ್.

"ಒಂದು ಸೀರೆ ಒಂದೇ ನೂಲಿನುಂಡೆಯಿಂದ ಬರ್ತದೇನೋ? ನೂರು ಉಂಡೆ ಒಟ್ಟಿಗೆ ಬಿಚ್ಕೋಬೇಕು ಕಣೋ" ಎಂದು ನನಗೆ ಅರ್ಥ ಮಾಡಿಸಿದರು.

ಅಷ್ಟಕ್ಕೇ ಸುಮ್ಮನಿರುವ ಜೀವವೇ? ಹತ್ತು ಕಿಲೋ ರಾಗಿ ಬೀಸಿಸಲು, ಐದು ಜನ ಹೊತ್ತರೆ ಐದು ಪಟ್ಟು ಬೇಗ ಎಂದು ಮನೆಮಂದಿಗೆಲ್ಲ ಎರಡೆರಡು ಕಿಲೋ ಹೊರಿಸಿದರು. ಗಿರಣಿಯಲ್ಲಿ ಯಂತ್ರ ಒಂದೇ. ಐವರೂ ಐದು ಚೀಲ ಹಿಡಿದು ಒಬ್ಬರ ಹಿಂದೊಬ್ಬರು ನಿಂತೆವು.

"ಒಬ್ರೇ ಬಂದಿದ್ರೆ ಇಷ್ಟೊತ್ತಿಗೆ ಮುದ್ದೆ ಉಂಡು ಕೈ ತೊಳೀತಿದ್ವಿ" ಎಂದಳು ಅಕ್ಕ.

"ತಪ್ಪು ನಂದಲ್ಲ, ಗಿರಣೀದು" ಎಂದರು ಭಾವ.

ಒಂದು ಮಳೆಗಾಲದಲ್ಲಿ ಉಗ್ರಾಣ ತುಂಬಿತು. ಹೊಸ ಡಿಸ್ಕುಗಳ ಬೀರುಗಳು ಬಂದಿಳಿದವು. ಎರಡು ದಿನ ಎಲ್ಲ ನಿಲ್ಲಿಸಿ ಜೋಡಿಸೋಣ ಎಂದರು ಸಾಹೇಬರು. ಮಳೆಗಾಲದಲ್ಲಿ ಎರಡು ದಿನ ಮೋಡ ನೋಡದೆ ಕೂರುವುದೇ?

"ನಿಲ್ಲಿಸೋದು ಬೇಡ ಸಾರ್, ಕೆಚ್ಚೋಣ" ಎಂದರಂತೆ ಭಾವ.

"ಏನನ್ನ ಕೊಚ್ತೀರ್ರೀ?"

ಮಗ್ಗದ ಹಾಸು, ಅಂದರೆ ಉದ್ದೆಳೆಗಳು, ಮುಗಿಯುತ್ತ ಬಂದಾಗ ಹೊಸ ಹಾಸಿನ ಒಂದೊಂದೇ ಎಳೆಯನ್ನು ಹಳೆಯ ಎಳೆಯ ತುದಿಗೆ ಹೊಸೆದು ಕೂಡಿಸುವುದೇ ಕೆಚ್ಚುವುದು. ಎಳೆ ಜಾರದಿರಲೆಂದು ಬೆರಳಿಗೆ ಬೂದಿ. ಭಾವನ ತಾಯಿ ಕಣ್ಣು ಮಂಜಾಗುವವರೆಗೂ ಮಾಡಿದ ಕೆಲಸ ಅದು. ಇಷ್ಟನ್ನೂ ಸಾಹೇಬರಿಗೆ ವಿವರಿಸಿ, "ಒಂದ್ನಿಮಿಷ ನಿಂತ್ರೂ ಸೋಮವಾರ ನನ್ನ ಗುರುತಿನ ಕಾರ್ಡು ನಿಮ್ಮ ಮೇಜಿನ ಮೇಲಿರ್ತದೆ" ಎಂದು ಬಂದುಬಿಟ್ಟರು. ಅವತ್ತಿನಿಂದ ಅಕ್ಕ ಅವರೊಡನೆ ಮಾತು ಬಿಟ್ಟಳು.

ಶನಿವಾರ ಬೆಳಗ್ಗೆ ಭಾವ ಬೀರುಗಳನ್ನು ಜೋಡಿಸಲು ಹೋದರು. ನಾನು ಅವರ ಮನೆಯ ಪಡಸಾಲೆಯಲ್ಲಿ ಹುರುಳಿಕಾಯಿಯ ನಾರು ತೆಗೆಯುತ್ತಿದ್ದೆ. ಹನ್ನೊಂದಕ್ಕೆ ಅವರ ಫೋನು: "ಅಮ್ಮಂಗೆ ಕೊಡು."

ಪಕ್ಕದಲ್ಲೇ ಕುಳಿತಿದ್ದ ಅವರ ತಾಯಿಯ ಮುಂದೆ ಸ್ಪೀಕರ್ ಹಾಕಿ ಹಿಡಿದೆ.

"ಅಮ್ಮಾ, ಹಳೇದೆಲ್ಲ ತುಂಬೈತೆ. ಬರೋದೆಲ್ಲ ಹೊಸದ್ರ ಮೇಲೇ ಬೀಳ್ತೈತೆ. ನಿಂತೋಗೋ ಹಂಗೈತೆ."

ಕಂಪ್ಯೂಟರನ್ನು ಒಮ್ಮೆಯೂ ಮುಟ್ಟದ ಆಕೆ ಫೋನಿನ ಕಡೆ ಬಾಗಿದರು.

"ಹೊಸ ಹಾಸು ಬಿಗಿ, ಹಳೇದು ಸಡ್ಲ, ಅಷ್ಟೇ ತಾನೆ? ಎಲ್ಲಾ ಒಟ್ಗೆ ಎಳೀಬ್ಯಾಡ ಕಣ್ಲಾ, ಕಿತ್ತೋಯ್ತದೆ. ನಾಲ್ಕ್ ನಾಲ್ಕೇ ಎಳೆ ತಗಂಡು ಸಮ ಮಾಡ್ಕಂಡೋಗು. ತಿಂಡಿ ತಿಂದ್ಯಾ?"

ಭಾವ ಹಾಗೇ ಮಾಡಿದರು. ಹಳೆಯ ಚಿತ್ರಗಳನ್ನು ನಾಲ್ಕು ನಾಲ್ಕಾಗಿ ಹೊಸ ಡಿಸ್ಕುಗಳಿಗೆ ಸಾಗಿಸಿದರು. ಹಳೆಯದರಲ್ಲಿ ಜಾಗವಾದಂತೆಲ್ಲ ಬರುವ ಚಿತ್ರಗಳು ಎಲ್ಲ ಕಡೆಗೂ ಹರಡಿಕೊಂಡವು. ಸಂಜೆಯ ಹೊತ್ತಿಗೆ ಉಗ್ರಾಣ ಎರಡರಷ್ಟಾಗಿತ್ತು. ಮೋಡದ ಲೆಕ್ಕ ಒಂದು ನಿಮಿಷವೂ ನಿಂತಿರಲಿಲ್ಲ!

ಸೋಮವಾರ ಸಾಹೇಬರು ಕೇಳಿದರಂತೆ: "ಜೋಡಿಸೋ ಕೆಲಸ ಯಾವಾಗ ಶುರು ಮಾಡ್ತೀರಿ?"

"ಮುಗೀತಲ್ಲ ಸಾರ್."

ಸಂಜೆ ಭಾವ ಮೈಸೂರುಪಾಕಿನ ಪೊಟ್ಟಣ ಹಿಡಿದು ಬಂದರು. ಎರಡನೆಯ ತುಂಡಿಗೆ ಅಕ್ಕ ಮಾತಾಡಿದಳು. ಭಾವ ಹೋಗಿ ತಾಯಿಯ ಪಕ್ಕ ಕುಳಿತರು.

"ಕೆಚ್ಚಿದ್ದು ಎಲ್ಲಾದ್ರೂ ಕಾಣ್ತದೇನ್ಲಾ?"

"ಇಲ್ಲಮ್ಮ. ಕೆಚ್ಚಿದ್ದೇ ಯಾರ್ಗೂ ಗೊತ್ತಾಗ್ಲಿಲ್ಲ."

ಆಕೆ ಕೆಚ್ಚಿಕೊಟ್ಟ ಹಾಸುಗಳಲ್ಲಿ ಅದೆಷ್ಟು ಸೀರೆ ಇಳಿದವೋ. ಉಟ್ಟವರಲ್ಲಿ ಒಬ್ಬರಿಗೂ ಆಕೆಯ ಹೆಸರು ಗೊತ್ತಿಲ್ಲ. ಆಕೆ ಮಗನ ಕೈ ತಡಕಿ ಹಿಡಿದರು. ತೋರುಬೆರಳಿನಲ್ಲಿ ಇನ್ನೂ ಬೂದಿಯಿತ್ತು. ಒರೆಸಲಿಲ್ಲ. ತಮ್ಮ ಎರಡು ಬೆರಳ ನಡುವೆ ಆ ಬೆರಳನ್ನಿಟ್ಟುಕೊಂಡು, ಎಳೆ ಹೊಸೆಯುವ ಹಾಗೆ, ಮೆಲ್ಲಗೆ ಹೊಸೆಯುತ್ತ ಕುಳಿತರು.