ಕೋವಿ ಅಂಗಡಿಯ ಸ್ವಾಮಿ ಮತ್ತು ಮಾರಾಟವಾಗದ ಪಿಸ್ತೂಲು

ದೇವರಿಗೂ ಆಗಾಗ ನಗಬೇಕು ಅನ್ನಿಸುತ್ತದೆಯೋ ಏನೋ. ಹಾಗನ್ನಿಸಿದಾಗ ಅವನು ಹಣೆ ತುಂಬ ಗಂಧ ಹಚ್ಚಿಕೊಂಡ ಒಬ್ಬ ಸಾಧುಪ್ರಾಣಿಯನ್ನು ಹಿಡಿದು ತಂದು ಕೋವಿ ಅಂಗಡಿಯಲ್ಲಿ ಕೂರಿಸುತ್ತಾನೆ. ಆಮೇಲೆ ಅವನು ಮಾಡಬೇಕಾದ್ದೇನೂ ಇಲ್ಲ. ಗಿರಾಕಿಗಳು ಬರುತ್ತಾರೆ, ಉಳಿದದ್ದು ತಾನಾಗಿಯೇ ನಡೆಯುತ್ತದೆ.

ಆ ಸಾಧುಪ್ರಾಣಿ ನಾನು.

ಹರಕೆಯೂ ಎಚ್ಚರಿಕೆಯೂ

ವಯನಾಡು ಆಗತಾನೇ ಹೊಸ ಜಿಲ್ಲೆಯಾಗಿತ್ತು. ನಾನು ಅಲ್ಲಿಯ ಮೀನಂಗಡಿ ಎಂಬ ಊರಿನ ಒಂದು ಕೋವಿ ಅಂಗಡಿಯಲ್ಲಿ ಗುಮಾಸ್ತ. ಕೆಲಸಕ್ಕೆ ಸೇರುವ ಹಿಂದಿನ ದಿನ ಪೊನ್ಕುಳಿ ದೇವಸ್ಥಾನದ ರಾಮನ ಮುಂದೆ ನಿಂತು ಕೈಮುಗಿದು ಹೇಳಿದ್ದೆ: "ಸ್ವಾಮೀ, ಹೊಟ್ಟೆಪಾಡು. ನಿನ್ನ ಕೈಯಲ್ಲೂ ಬಿಲ್ಲು ಇದೆಯಲ್ಲ, ನಿನಗೆ ಅರ್ಥವಾಗುತ್ತದೆ. ಆಯುಧ ಮಾರುತ್ತೇನೆ, ಸುಳ್ಳು ಮಾತ್ರ ಮಾರುವುದಿಲ್ಲ." ರಾಮ ಒಪ್ಪಿಕೊಂಡ. ಒಪ್ಪದೆ ಇದ್ದವರು ಅಂಗಡಿಯ ಯಜಮಾನರು.

ಯಜಮಾನರನ್ನು ಎಲ್ಲರೂ ಮೊದಲಾಳಿ ಅನ್ನುತ್ತಿದ್ದರು. ತೆಂಕಣ ಸೀಮೆಯಿಂದ ಬಂದ ಕ್ರಿಶ್ಚಿಯನ್ನರು, ಭಾನುವಾರ ತಪ್ಪದೆ ಇಗರ್ಜಿಗೆ ಹೋಗುವವರು, ಒಳ್ಳೆಯ ಮನುಷ್ಯ. ನನ್ನ ಹಣೆ ನೋಡಿ ಮೊದಲ ದಿನವೇ "ಸ್ವಾಮಿ" ಅಂತ ಹೆಸರಿಟ್ಟರು. ನಾನು ಬೆಳಿಗ್ಗೆ ಕೋವಿಗಳಿಗೆ ಊದುಬತ್ತಿ ಬೆಳಗುತ್ತಿದ್ದೆ, ಅವರು ಸಂಜೆ ತಮ್ಮ ಪುಣ್ಯಾಳನ, ಅಂದರೆ ಸಂತನ, ಪಟಕ್ಕೆ ಮೇಣದಬತ್ತಿ ಹಚ್ಚುತ್ತಿದ್ದರು. ಮದ್ದಿನ ಪೆಟ್ಟಿಗೆ ಇದ್ದ ಅಂಗಡಿಯಲ್ಲಿ ಎರಡು ಹೊತ್ತೂ ಬೆಂಕಿ. ನಾವು ಬದುಕಿ ಉಳಿದದ್ದೇ ದೇವರಿದ್ದಾನೆ ಅನ್ನುವುದಕ್ಕೆ ಸಾಕ್ಷಿ.

ಹೊಸ ಜಿಲ್ಲೆ ಅಂದರೆ ಹೊಸ ಸಾಹೇಬರುಗಳು, ಸಾಹೇಬರ ಸೊಂಟಕ್ಕೆ ಪಿಸ್ತೂಲು ಬೇಡವೇ ಅಂತ ಲೆಕ್ಕ ಹಾಕಿ ಮೊದಲಾಳಿ ಎಲ್ಲಿಂದಲೋ ಒಂದು ಹಳೆಯ ವಿಲಾಯ್ತಿ ಪಿಸ್ತೂಲು ತಂದಿಟ್ಟರು. ಪಾಯಿಂಟ್ ಇಪ್ಪತ್ತೆರಡು ಬೋರಿನ ಸಣ್ಣ ನಳಿಗೆ. ತೋಟಾ ಕಿರುಬೆರಳ ತುದಿಯ ಗೆಣ್ಣಿನಷ್ಟೇ ಉದ್ದ. ಹಿಡಿಯೊಳಗೆ ಹತ್ತು ತೋಟಾ ತುಂಬಬಹುದು. ಡಬ್ಬಿ, ಕರಟ ಇಟ್ಟು ಗುರಿ ಕಲಿಯುವುದಕ್ಕೆ ಬಲು ಚೆಂದ. ಅದಕ್ಕಿಂತ ಹೆಚ್ಚಿನದೇನನ್ನೂ ಅದರಿಂದ ಬಯಸಬಾರದು. ಕೇಳಿದವರಿಗೆಲ್ಲ ನಾನು ಇಷ್ಟನ್ನೂ ಹೇಳಿಬಿಡುತ್ತಿದ್ದೆ. ಪಿಸ್ತೂಲು ಗಾಜಿನ ಪೆಟ್ಟಿಗೆಯಲ್ಲೇ ಇತ್ತು.

ಒಂದು ದಿನ ಮೊದಲಾಳಿ ಬೆರಳೆತ್ತಿ ಹೇಳಿದರು: "ಎಡೋ ಸ್ವಾಮಿ, ಮಳೆ ಹಿಡಿಯೋದರೊಳಗೆ ಈ ಪಿಸ್ತೂಲು ಅಂಗಡಿಯಿಂದ ಆಚೆ ಹೋಗಬೇಕು. ಹೋಗಲಿಲ್ಲವೋ, ನೀನು ಹೋಗು."

ಮನೆಯಲ್ಲಿ ನನ್ನನ್ನು ನಂಬಿದ ಬಾಯಿಗಳು ಐದು. ಮಳೆಗೆ ಎರಡು ತಿಂಗಳಿತ್ತು.

ಮಿಲಿಟರಿಯವರ ಗುರಿ

ಮೊದಲು ಬಂದವರು ಒಬ್ಬ ನಿವೃತ್ತ ಮಿಲಿಟರಿಯವರು. ಮೀಸೆ ಎರಡೂ ಕಡೆ ಹೊರಳಿ ಕಿವಿಯ ಹತ್ತಿರ ಹೋಗಿತ್ತು. "ಹೊತ್ತು ಹೋಗಲ್ಲ ಕಣಯ್ಯ, ಹಿತ್ತಿಲಲ್ಲಿ ಡಬ್ಬಿ ಇಟ್ಟು ಹೊಡೀಬೇಕು" ಅಂದರು. ನನಗೆ ಆನಂದವಾಯಿತು. ಈ ಪಿಸ್ತೂಲು ಹುಟ್ಟಿದ್ದೇ ಅದಕ್ಕೆ.

ಅಂಗಡಿಯ ಹಿಂದೆ ಎತ್ತರದ ಮಣ್ಣಿನ ದರೆ ಇತ್ತು. ಅದರ ಬುಡದಲ್ಲಿ ಹಾಲುಪುಡಿ ಡಬ್ಬಿ ಸಾಲಾಗಿ ಇಟ್ಟೆ. ಅವರು ಕಾಲು ಅಗಲಿಸಿ ನಿಂತರು, ಎದೆ ಉಬ್ಬಿಸಿದರು, ಹತ್ತು ಗುಂಡು ಹಾರಿಸಿದರು. ಹತ್ತೂ ದರೆಗೆ ಹೋದವು. ರಾಮನಿಗೆ ಒಂದೇ ಬಾಣ ಸಾಕಾಗುತ್ತಿತ್ತು ಅನ್ನುವುದು ಎಷ್ಟು ದೊಡ್ಡ ಮಹಿಮೆ ಅಂತ ನನಗೆ ಆವತ್ತು ತಿಳಿಯಿತು.

"ಪಿಸ್ತೂಲು ಎಡಕ್ಕೆ ಎಳೆಯುತ್ತೆ" ಅಂದರು.

ಹೌದು ಅಂದುಬಿಡು ಅಂತ ಮೊದಲಾಳಿ ಕಣ್ಸನ್ನೆ ಮಾಡಿದರು. ನನಗೆ ಆಗಲಿಲ್ಲ. "ಇಲ್ಲ ಸಾರ್, ಪಿಸ್ತೂಲು ನೆಟ್ಟಗಿದೆ. ತಾವು ಹೊಡೆಯುವಾಗ ಯಾವ ಕಣ್ಣು ಮುಚ್ಚುತ್ತೀರಿ?"

"ಎರಡೂ."

"ಎರಡೂ ಯಾಕೆ ಸಾರ್?"

"ಸದ್ದು ಆಗುತ್ತಲ್ಲ!"

ಮಿಲಿಟರಿಯಲ್ಲಿ ಏನು ಕೆಲಸದಲ್ಲಿದ್ದಿರಿ ಅಂತ ಮೆಲ್ಲಗೆ ಕೇಳಿದೆ. ಬ್ಯಾಂಡಿನಲ್ಲಿ ದೊಡ್ಡ ಡೋಲು ಬಾರಿಸುತ್ತಿದ್ದರಂತೆ. ಡೋಲಿಗೆ ಹೆದರದವರು ಇದಕ್ಕೆ ಹೆದರುವುದೇ ಅಂದೆ.

ಅವರು ಪಿಸ್ತೂಲನ್ನು ನನ್ನ ಕೈಗಿತ್ತು ಹೇಳಿದರು: "ಅಲ್ಲಿ ಸದ್ದು ಮಾಡ್ತಿದ್ದವನು ನಾನು ಕಣಯ್ಯ. ಇಲ್ಲಿ ಸದ್ದು ಮಾಡೋದು ಅದು."

ಏನನ್ನು ಹೊಡೆಯುವುದು?

ಆಮೇಲೆ ಬಂದವರು ಒಂದು ಕಾಫಿ ತೋಟದ ಹೊಸ ಮ್ಯಾನೇಜರು. ದೂರದ ಊರಿನವರು. ಕಾಡಿನ ಪಕ್ಕ ಬಂಗಲೆ ಸಿಕ್ಕಿದೆ, ಭಾನುವಾರಗಳಲ್ಲಿ ಸ್ವಲ್ಪ ಶಿಕಾರಿ ಮಾಡೋಣ ಅನ್ನುವ ಉಮೇದು. ಪಿಸ್ತೂಲು ತಿರುಗಿಸಿ ನೋಡಿ, "ಇದರಲ್ಲಿ ಮೊಲ ಹೊಡೀಬಹುದಾ?" ಅಂತ ಕೇಳಿದರು.

"ಹೊಡೆದರೆ ಕೇಸಾಗುತ್ತೆ ಸಾರ್."

"ಕಾಡುಕೋಳಿ?"

"ಅದಕ್ಕೂ ಕೇಸು."

"ನವಿಲು?"

"ಅದಕ್ಕೆ ಕೇಸೂ ಉಂಟು, ಸುಬ್ರಹ್ಮಣ್ಯನ ಶಾಪವೂ ಉಂಟು."

ಮೊದಲಾಳಿ ಹಿಂದಿನಿಂದ ಕೆಮ್ಮಿದರು. ಮ್ಯಾನೇಜರು ಬಿಡಲಿಲ್ಲ. "ಬೇಟೆ ಹೋಗಲಿ, ಪೀಡೆ ಪ್ರಾಣಿಗಳಿವೆಯಲ್ಲ. ಹಂದಿ?"

"ವರಾಹಸ್ವಾಮಿ" ಅಂದೆ.

"ಕೋತಿ?"

ನಾನು ಬಾಯಿಯಲ್ಲಿ ಹೇಳದೆ ಗೋಡೆಯ ಕ್ಯಾಲೆಂಡರ್ ತೋರಿಸಿದೆ. ಅಲ್ಲಿ ಹನುಮಂತ ಗುಡ್ಡ ಹೊತ್ತು ಹಾರುತ್ತಿದ್ದ.

"ಇಲಿ ಆದರೂ ಹೊಡೀಬಹುದಾ ಮಾರಾಯ?"

"ಗಣಪತಿ ಏನನ್ನುತ್ತಾನೋ ಸಾರ್."

ಅವರಿಗೆ ರೇಗಿತು. "ಹಾಗಾದರೆ ಈ ಸುಡುಗಾಡು ಪಿಸ್ತೂಲಿನಲ್ಲಿ ಹೊಡೆಯೋದೇನನ್ನ?"

ನಾನು ಭಕ್ತಿಯಿಂದಲೇ ಹೇಳಿದೆ: "ಡಬ್ಬಿ ಹೊಡೀರಿ ಸಾರ್. ಡಬ್ಬಿ ಯಾವ ದೇವರ ವಾಹನವೂ ಅಲ್ಲ."

ತಿಳಿದವರ ಮಾತು

ಇಷ್ಟಾದ ಮೇಲೆ ಮೊದಲಾಳಿ ನನ್ನನ್ನು ಗಲ್ಲಾದ ಹಿಂದೆ ಕೂರಿಸಿ, ಗಿರಾಕಿಗಳ ಹತ್ತಿರ ತಾವೇ ಮಾತಾಡತೊಡಗಿದರು. ಒಬ್ಬ ಶುಂಠಿ ವ್ಯಾಪಾರಿ ಬಂದ. ಪಿಸ್ತೂಲಿನ ಹೊಳಪಿಗೆ ಅರ್ಧ ಸೋತಿದ್ದ. ಹಂದಿಗೆ ಆಗುತ್ತದೋ ಇಲ್ಲವೋ ಅನ್ನುವುದೊಂದೇ ಅನುಮಾನ.

ಅದೇ ಹೊತ್ತಿಗೆ ಮುತ್ತಂಗದ ಕಾಡಿನಿಂದ ಅಂಗಡಿ ಬೀದಿಗೆ ಜೇನು ತರುವ ಅಜ್ಜ ಬಂದ. ಕಾಡಿನ ಜನ. ಅವನ ಮಾತು ನಮ್ಮ ಕನ್ನಡಕ್ಕೆ ಹತ್ತಿರ, ಆದ್ದರಿಂದ ಬಂದಾಗಲೆಲ್ಲ ನನ್ನ ಹತ್ತಿರ ಎರಡು ಮಾತಾಡಿ ಹೋಗುತ್ತಿದ್ದ. ಮೊದಲಾಳಿಗೆ ಉಪಾಯ ಹೊಳೆಯಿತು. "ನನ್ನ ಮಾತು ಬೇಡ, ಸ್ವಾಮಿಯ ಮಾತು ಬೇಡವೇ ಬೇಡ. ಹುಟ್ಟಿದಾರಭ್ಯ ಹಂದಿ ನೋಡಿದವನು ಇವನು, ಇವನನ್ನೇ ಕೇಳಿ" ಅಂತ ಪಿಸ್ತೂಲನ್ನು ಅಜ್ಜನ ಕೈಗೆ ಕೊಟ್ಟರು. "ಹೇಳು ಅಜ್ಜ, ಇದು ಹಂದಿಗೆ ಆಗುತ್ತೋ ಇಲ್ಲವೋ?"

ಅಜ್ಜ ಅದನ್ನು ಅಂಗೈಯಲ್ಲಿಟ್ಟು ತೂಗಿದ. ಒಂದು ತೋಟಾ ಎತ್ತಿ ಬೆಳಕಿಗೆ ಹಿಡಿದ. ಆಮೇಲೆ ಬಹಳ ಮರ್ಯಾದೆಯಿಂದ ಹೇಳಿದ:

"ಆಗ್ತದೆ ಮೊದಲಾಳಿ. ಹತ್ತಿರ ಹೋಗಿ ಹಂದಿ ಮೂತಿಗೆ ಎಸೆದ್ರೆ ಆಗ್ತದೆ."

ಏಕಾದಶಿ

ಮಳೆಗೆ ಇನ್ನು ವಾರವಿತ್ತು. ಬಾಣಾಸುರ ಬೆಟ್ಟದ ಕಡೆ ಮೋಡ ಕಟ್ಟುತ್ತಿತ್ತು. ಮೋಡ ನೋಡಿದಾಗಲೆಲ್ಲ ನಾನು ಬೆರಳು ಮಡಚಿ ದಿನ ಎಣಿಸುತ್ತಿದ್ದೆ. ಆವತ್ತು ಏಕಾದಶಿ. ಮೊದಲಾಳಿ ಬಾಗಿಲಲ್ಲೇ ತಡೆದರು. "ಸ್ವಾಮಿ, ಪನಮರಂ ಕಡೆಯ ಗೌಡರು ಬರ್ತಿದ್ದಾರೆ. ಹೊಸ ಜಿಲ್ಲಾ ಕಚೇರಿಯಿಂದ ಲೈಸೆನ್ಸಿಗೆ ಪಿಸ್ತೂಲು ಅಂತ ಸೇರಿಸಿಕೊಂಡೇ ಬರ್ತಿದ್ದಾರೆ. ನಿಮ್ಮ ಶಾಸ್ತ್ರದಲ್ಲಿ ಮೌನವ್ರತ ಅಂತ ಇದೆಯಂತಲ್ಲ?"

"ಇದೆ ಮೊದಲಾಳಿ."

"ಇವತ್ತು ಅದನ್ನ ಮಾಡು. ನಿನಗೂ ಪುಣ್ಯ, ನನಗೂ ಪುಣ್ಯ."

ಸುಳ್ಳು ಹೇಳು ಅಂದರೆ ಆಗುತ್ತಿರಲಿಲ್ಲ, ಸುಮ್ಮನಿರು ಅಂದರೆ ಆಗಬಹುದು. ರಾಮನನ್ನು ನೆನೆದು ಬಾಯಿ ಮುಚ್ಚಿದೆ.

ಗೌಡರು ಬಂದರು, ಜೊತೆಗೆ ಗೌಡತಿಯೂ ಬಂದರು. ಗೌಡರು ತಮ್ಮ ಹಳೆಯ ಜೋಡುನಳಿಗೆ ಕೋವಿಯನ್ನು ಕೊಟ್ಟು ಪಿಸ್ತೂಲು ಒಯ್ಯುವುದೆಂದು ಮಾತು. "ನಮ್ಮ ಸ್ವಾಮಿಗೆ ಇವತ್ತು ಮೌನವ್ರತ. ನೀವು ಹೊಡೆದು ನೋಡಿಯೇ ತಗೊಳ್ಳಿ ಗೌಡ್ರೇ" ಅಂತ ಮೊದಲಾಳಿ ಅವರನ್ನು ಹಿತ್ತಿಲಿಗೆ ಕರೆದುಕೊಂಡು ಹೋದರು. ಗೌಡತಿ ಮಾತ್ರ ನನ್ನ ಮುಂದೆ ನಿಂತರು.

"ಏನಪ್ಪಾ, ಈ ಪಿಸ್ತೂಲಿಂದ ಹಂದಿ ಸಾಯ್ತದಾ?"

ಸತ್ಯ ಹೇಳಲು ಬಾಯಿಯೇ ಬೇಕೇ? ಇಲ್ಲ ಅಂತ ತಲೆಯಾಡಿಸಿದೆ. ಕೆಲಸ ಹೋಯಿತು ಅಂದುಕೊಂಡೆ.

"ಜೋಡುನಳಿಗೆ ಥರ ಚರೆ ಊರೆಲ್ಲ ಹರಡ್ತದಾ?"

ಇಲ್ಲ ಅಂದೆ, ತಲೆಯಲ್ಲೇ.

ಗೌಡತಿಯ ಮುಖ ಅರಳಿತು! "ಅಪ್ಪಾ, ನಿನ್ನ ಹೊಟ್ಟೆ ತಣ್ಣಗಿರಲಿ. ಎರಡು ಅಂಗಡಿಗೆ ಹೋದೆ, 'ನಮ್ಮ ಪಿಸ್ತೂಲು ಹಂದಿ ಏನು, ಆನೆಯನ್ನೂ ಕೆಡವ್ತದೆ' ಅಂದ್ರು. ಹೆದರಿ ಓಡಿ ಬಂದೆ. ಇವರ ಕೈಯಲ್ಲಿ ಆ ದೊಡ್ಡ ಕೋವಿ ಇದ್ರೆ ನಮ್ಮೂರಲ್ಲಿ ಹಂದಿ ಒಂದು ಬಿಟ್ಟು ಎಲ್ಲಕ್ಕೂ ಏಟು ಬೀಳ್ತದೆ. ನೀರಿನ ಹಂಡೆ ಹೋಯ್ತು, ಪಕ್ಕದ ಮನೆಯೋರ ಹೆಂಚು ಹೋಯ್ತು. ಹೋದ ತಿಂಗಳು ಬೆಳಿಗ್ಗೆ ಎದ್ದು ಗದ್ದೆಯ ಬೆದರುಬೊಂಬೆಯನ್ನೇ ಕಳ್ಳ ಅಂತ ಹೊಡೆದ್ರು. ಬೊಂಬೆಗೆ ಹಾಕಿದ್ದು ಇವರದೇ ಅಂಗಿ, ಅಂಗಿ ಜೇಬಲ್ಲಿ ಲೈಸೆನ್ಸು! ಹಿಡಕೊಂಡು ಹೋದ್ರೆ ಕಚೇರಿಯ ಗುಮಾಸ್ತ ಏನಂದ ಗೊತ್ತಾ? 'ಹಳೇ ಜಿಲ್ಲೆಯ ಹೆಸರಿರೋ ಜಾಗಕ್ಕೇ ತೂತು ಬಿದ್ದಿದೆ, ಹೇಗೂ ಅದನ್ನ ಬದಲಾಯಿಸಬೇಕಿತ್ತು' ಅಂದ."

ನಗು ತಡೆಯಲು ನಾನು ಶಾಲಿನ ತುದಿಯನ್ನು ಬಾಯಿಗೆ ತುರುಕಿಕೊಂಡೆ.

"ಕೋವಿ ಬೇಡ ಅಂದ್ರೆ ಕೇಳಲ್ಲ. ಅಪ್ಪನ ಕಾಲದಿಂದ ಕೋವಿ ಇದ್ದ ಮನೆ, ಮರ್ಯಾದೆ ಅಂತಾರೆ. ಅದಕ್ಕೇ, ಮರ್ಯಾದೆಗೊಂದು ಆಯುಧ ಇರಬೇಕು, ಅದು ಯಾರಿಗೂ ತಾಗಬಾರದು. ಹಂದಿ ಬದುಕಿದ್ರೆ ಬದುಕ್ಲಿ, ನಮ್ಮೂರೋರೂ ಬದುಕ್ಲಿ. ಬಾ, ಇವರು ಹೊಡೆಯೋದು ನೋಡಾಣ. ತಾಗಲಿಲ್ಲ ಅಂದ್ರೆ ತಗೊಳ್ತೀನಿ. ತಾಗ್ತು ಅಂದ್ರೆ ಬೇಡ."

ಈಗ ನೋಡಿ ನನ್ನ ಪಾಡು. ಈ ಗುಟ್ಟು ಗೊತ್ತಿದ್ದವನು ನಾನೊಬ್ಬ, ಮೊದಲಾಳಿಗೆ ಹೇಳೋಣವೆಂದರೆ ಮೌನವ್ರತ.

ಹಿತ್ತಿಲಿನಲ್ಲಿ ದರೆಯ ಬುಡಕ್ಕೆ ಐದು ಡಬ್ಬಿ ನಿಂತಿದ್ದವು. ಗೌಡರು ಮೊದಲ ಗುಂಡು ಹಾರಿಸಿದರು. ತಾಗಲಿಲ್ಲ. ಮೊದಲಾಳಿಯ ಮುಖ ಬಾಡಿತು, ಗೌಡತಿಯ ಮುಖ ಬೆಳಗಿತು. ಎರಡನೆಯದೂ ತಾಗಲಿಲ್ಲ. ಮೊದಲಾಳಿ ಎದೆಯ ಮೇಲೆ ಶಿಲುಬೆ ಗುರುತು ಹಾಕಿದರು. ಗೌಡತಿ ಪಕ್ಕದಲ್ಲೇ ಕೈಮುಗಿದು ಕಣ್ಣುಮುಚ್ಚಿದರು. ಒಂದೇ ಪಿಸ್ತೂಲು, ತಾಗಲಿ ಅಂತ ಒಬ್ಬರು, ತಾಗದಿರಲಿ ಅಂತ ಇನ್ನೊಬ್ಬರು. ಮೇಲಿದ್ದವನು ಆವತ್ತು ಯಾರ ಅರ್ಜಿ ತೆಗೆದುಕೊಳ್ಳಬೇಕೋ ತಿಳಿಯದೆ ಒದ್ದಾಡಿರಬೇಕು. ನನ್ನ ಮಟ್ಟಿಗೆ ನಾನು ಗೌಡತಿಯ ಪಕ್ಷ.

ಒಂಬತ್ತು ಗುಂಡು ದರೆ ನುಂಗಿತು. ಗೌಡತಿ ಸೊಂಟದ ಚೀಲ ಬಿಚ್ಚಲು ಶುರುಮಾಡಿದರು.

ಹತ್ತನೆಯ ಗುಂಡಿಗೆ ಸಾಲಿನ ತುದಿಯ ಡಬ್ಬಿ ಡಣ್ ಅಂತ ಉರುಳಿತು.

ಗೌಡರು ಮೀಸೆ ತಿರುವಿದರು. ಮೊದಲಾಳಿ ಕುಣಿಯುವುದೊಂದು ಬಾಕಿ. "ತಾಗಿತು! ತಾಗಿತು! ಎಂಥ ಗುರಿ ಗೌಡ್ರೇ! ಈ ಪಿಸ್ತೂಲು ನಿಮ್ಮ ಕೈಗೆಂದೇ ಮಾಡಿದ್ದು!" ಗೌಡತಿ ಚೀಲದ ದಾರ ಬಿಗಿದುಕಟ್ಟಿ, "ನಡೀರಿ ಮನೆಗೆ. ಇದು ಬೇಡ" ಅಂದರು. ಮೊದಲಾಳಿಗೆ ದಿಕ್ಕೇ ತೋಚಲಿಲ್ಲ. "ಯಾಕಮ್ಮಾ, ನೀವೇ ನೋಡಿದಿರಲ್ಲ, ನಡುಮಧ್ಯಕ್ಕೆ ತಾಗಿದೆ!" ಅವರು ಹೊಗಳಿದಷ್ಟೂ ಗೌಡತಿ ಬಾಗಿಲಿಗೆ ಹತ್ತಿರವಾದರು.

ನಾನು ಓಡಿಹೋಗಿ ಆ ಡಬ್ಬಿ ಎತ್ತಿ ತಂದು ಗೌಡತಿಯ ಕೈಗೆ ಕೊಟ್ಟೆ. ಅವರು ತಿರುಗಿಸಿದರು, ತಳ ನೋಡಿದರು, ಬೆರಳಾಡಿಸಿದರು. ತೂತಿಲ್ಲ. ಹಾಗಾದರೆ ಹೇಗೆ ಬಿತ್ತು ಅನ್ನುವಂತೆ ನನ್ನನ್ನು ನೋಡಿದರು. ಇದನ್ನು ತಲೆಯಾಡಿಸಿ ಹೇಳುವುದು ಹೇಗೆ? ರಾಮಾ, ಕ್ಷಮಿಸು ಅಂದುಕೊಂಡು ಬಾಯಿಬಿಟ್ಟೆ.

"ಅಮ್ಮಾ, ಗುಂಡು ತಾಗಿಲ್ಲ. ದರೆಗೆ ಬಡಿದು ಮಣ್ಣಿನ ಹೆಂಟೆ ಜಾರಿ ಡಬ್ಬಿ ಮೇಲೆ ಬಿತ್ತು. ಗೌಡರು ಗುರಿ ಇಟ್ಟದ್ದು ಆ ತುದಿಯ ಡಬ್ಬಿಗೆ. ಬಿದ್ದದ್ದು ಈ ತುದಿಯದು."

ಗೌಡರು ಮೀಸೆಯಿಂದ ಕೈ ತೆಗೆದರು. ಮೊದಲಾಳಿ ತಲೆಯ ಮೇಲೆ ಕೈ ಹೊತ್ತು ಕುಸಿದು ಕೂತರು. ಗೌಡತಿ ಆಕಾಶಕ್ಕೆ ಕೈಮುಗಿದು, "ದೇವರು ದೊಡ್ಡವನು! ಕಟ್ಟಿ ಕೊಡಿ ಮೊದಲಾಳಿ" ಅಂದರು.

ಮೊದಲಾಳಿ ಎದ್ದು ಪಿಸ್ತೂಲನ್ನು ಕಾಗದದಲ್ಲಿ ಸುತ್ತಿಕೊಟ್ಟರು. ಏನು ನಡೆಯಿತೆಂದು ಅವರಿಗೆ ತಿಳಿಯಲು ವಾರ ಹಿಡಿಯಿತು. ಅಷ್ಟರಲ್ಲಿ ಮಳೆ ಬಂತು, ನನ್ನ ಕೆಲಸ ಉಳಿಯಿತು.

ಗೌಡರು ಮಾತ್ರ ಹೊರಡುವ ಮುನ್ನ, ಕಾಗದದಲ್ಲಿ ಸುತ್ತಿದ ಪಿಸ್ತೂಲನ್ನು ಎದೆಗವಚಿಕೊಂಡು ನನ್ನ ಹತ್ತಿರ ಬಂದು ನಿಂತರು. ಹೆಂಡತಿಗೆ ಕೇಳಿಸದಂತೆ ಸಣ್ಣ ದನಿಯಲ್ಲಿ ಕೇಳಿದರು:

"ಇನ್ನೊಂದು ಐದು ನಿಮಿಷ ವ್ರತ ಮಾಡಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು ಸ್ವಾಮೀ?"